ಬಾವಡಿಯ ವಹಿ

ಹದಿನೇಳು ಮಂದಿ ಬರ್ತೀವಿ ಅಂದಿದ್ರು,
ಬಂದವರು ಐದು.
ಹಗ್ಗ ತರಬೇಕಾದ ಬಂದೇನವಾಜ
ಚುನಮರಿ ತಂದಿದ್ದ.

ಗೋಳಗುಮ್ಮಟ ನೋಡಾಕ ಬಂದವರು ಈ ಓಣಿಗೆ ಬರಂಗಿಲ್ಲ.
ನಮ್ಮ ಬಾವಡಿಗೆ ಬೋರ್ಡಿಲ್ಲ, ಟಿಕೀಟಿಲ್ಲ,
ಒಂದು ಬೇವಿನ ಗಿಡ ಮಾತ್ರ ಗ್ವಾಡಿ ಸೀಳಿ
ಒಳಗ ಬಗ್ಗಿ ನೋಡತೈತಿ.

ವಹಿ ಹಿಡಿಯೋದು ನನ್ನ ಪಾಲಿಗೆ ಬಂತು,
ಅಕ್ಷರ ದುಂಡಗ ಅದಾವಂತ.
ಬರಕೊಂಡೆ: ಚಪ್ಪಲಿ ನಲವತ್ತೊಂದು, ಜೋಡಿ ಒಂದೂ ಇಲ್ಲ.
ಗುಟಕಾ ಚೀಟಿ, ಎಣಿಸೋದು ಬಿಟ್ಟೆ.
ತಾಬೂತಿನ ಬೇಗಡೆ. ಕುಕ್ಕರಿನ ಮುಚ್ಚಳ.
ಪ್ಲಾಸ್ಟರಿನ ಗಣಪತಿಯ ಒಂದು ಕಿವಿ, ಗುಲಾಬಿ.

'ಓಣ್ಯಾಗ ಯಾರರ ಒಬ್ರು ಕೇಳೋರು ಸಿಕ್ಕರು'
ಅಂತ ಕಿವಿ ಎತ್ತಿ ಹಿಡಿದು ಯಲಗೂರೇಶ ನಕ್ಕ.
ನನಗ ನಗಿ ಬರಲಿಲ್ಲ.
ಹ್ವಾದ ವರ್ಷ ಆ ಬಣ್ಣ ಆರಿಸಿದಾಕಿ ನಾನ.
ವಹಿಯಾಗ ಬರದೆ: ಕಿವಿ, ಒಂದು.
ಮಗ್ಗಲಕ್ಕ, ಸಣ್ಣಗ: ನಂದು.

ಎರಡನೇ ಐತವಾರ ಹನ್ನೆರಡು ಮಂದಿ.
ಮಾಳಗಿ ಮ್ಯಾಲಿಂದ ಖೈರೂನಬಿ, ರೂಢಿ ಪ್ರಕಾರ,
ಕಸದ ಚೀಲ ಒಗೆದಳು,
ನಾಲಿಗಿ ಕಚ್ಚಿಕೊಂಡು ತಾನ ಇಳಿದು ಬಂದಳು,
ಚೀಲ ಆರಿಸಿದಳು, ಆಮ್ಯಾಲ ನಮ್ಮ ಬುಟ್ಟಿಗೂ ಕೈ ಹಚ್ಚಿದಳು.

ಆರನೇ ವಾರ ಕೆಳಗಿನ ಮೆಟ್ಟಿಲು ಕಂಡವು.
ನೀರು ಎಷ್ಟು ತಿಳಿ ಅಂದ್ರ
ಮುಬೀನಾಳ ಬಳಿ ಬಿದ್ದದ್ದು ಮೇಲಿಂದ ಕಂಡಿತು.
ವಿಜ್ಞಾನದ ಸರ್ ಕೊಟ್ಟ ಶೀಶೆ ತುಂಬಿ
ಅವಳಪ್ಪನ ಟೇಲರ್ ಅಂಗಡಿಯ ಮಶೀನಿನ ಮಗ್ಗಲಕ್ಕ ಇಟ್ಟಿವಿ.
ಕರಿ ಆದ್ರ ಕುಡಿಯಂಗಿಲ್ಲ.
ಎರಡು ದಿನಕ್ಕ ಆತು: ಡಾಂಬರಿನಂಥಾ ಕರಿ.

ಯಾರೂ ಮಾತಾಡಲಿಲ್ಲ. ಮಶೀನು ಒಂದ ಹೊಲೀತಿತ್ತು.
ಕಡಿಗೆ ಮುಬೀನಾ ಕೇಳಿದಳು: 'ಮೋರಿ ಎಲ್ಲಿಂದ ಇಳೀತೈತಿ?'

ಹೊಸ ಹಾಳಿ ತೆಗೆದೆ, ತಾರೀಖು ಹಾಕಿದೆ.
ಮೊದಲನೇ ಸಾಲು: ಹಗ್ಗ, ಬಂದೇನವಾಜ.
ಅದರ ಕೆಳಗ ಎರಡು ಗೆರಿ ಎಳದೆ.