ಮೂರು ಹತ್ತಕ್ಕೆ ಎಂಟು ಲೀಟರ್

ಸೀಗೆಹಟ್ಟಿಯ ಆ ವಠಾರಕ್ಕೆ ಒಂದೇ ಮೀಟರು,
ಆರು ಮನೆ, ಹಿತ್ತಲಲ್ಲಿ ಒಂದು ನಲ್ಲಿ.
ಬಿಲ್ಲು ಮೂರು ಪಟ್ಟು ಬಂದ ತಿಂಗಳು
ಮಾಲೀಕ ಹಾಲಸ್ವಾಮಿ
ದುರ್ಗಿಗುಡಿಯ ನಮ್ಮ ಅಂಗಡಿ ಮೆಟ್ಟಿಲು ಹತ್ತಿ
ಚೀಟಿಯನ್ನು ಗಾಜಿನ ಮೇಲೆ ಹರವಿ
"ಎಲ್ಲೋ ಸೋರ್ತಿದೆ ಕಣಮ್ಮ, ಹುಡುಕಿಕೊಡು" ಅಂದರು,
ತಪ್ಪಿಸಿಕೊಂಡ ಎಮ್ಮೆಯ ವಿಷಯ ಹೇಳುವ ಹಾಗೆ.

ಅಪ್ಪ ಇದ್ದಿದ್ದರೆ ಸಲಾಕೆ ಹಿಡಿದು ಹೊರಡುತ್ತಿದ್ದ.
ಒಂದು ತುದಿ ನೆಲಕ್ಕೆ, ಒಂದು ತುದಿ ಕಿವಿಗೆ,
ಬಾಯಿಯ ಬೀಡಿ ಆರಿದ್ದೂ ಗೊತ್ತಾಗದೆ
"ಉಸ್ಸ್ ಅಂತಿದೆ, ಇಲ್ಲೇ ಅಗಿ" ಅನ್ನುತ್ತಿದ್ದ.
ನನ್ನದು ಹೆಬ್ಬೆರಳಷ್ಟು ಪ್ಲಾಸ್ಟಿಕ್ ಡಬ್ಬಿ.
ಒಳಗೊಂದು ಚಕ್ರ, ಚಕ್ರದ ಮೈಗೆ ಅಯಸ್ಕಾಂತ.
ನೀರು ತಳ್ಳಿದಷ್ಟೂ ತಿರುಗುತ್ತದೆ,
ತಿರುಗಿದಷ್ಟೂ ಮಿಡಿಯುತ್ತದೆ
ಲೀಟರಿಗೆ ನಾನೂರೈವತ್ತು ಸಲ,
ಮಿಡಿದದ್ದೆಲ್ಲ ಫೋನಿನಲ್ಲಿ ಗೆರೆ.

ಊರು ಮಲಗಿದ ಮೇಲೆ ಗೆರೆ
ಸೊನ್ನೆಗಿಳಿದು ಮಲಗಬೇಕು.
ಆ ವಠಾರದ್ದು ಮಲಗಲಿಲ್ಲ.
ನೆಲದಿಂದ ಒಂದು ಕೂದಲೆಳೆ ಮೇಲೆ
ಜ್ವರ ಬಂದವರ ನಿದ್ದೆಯಂತೆ ತೆವಳಿತು.
ಸಿಕ್ಕಿತು ಅಂದುಕೊಂಡೆ.

ಮೂರು ಹತ್ತಕ್ಕೆ ಗೆರೆ ಎದ್ದು ನಿಂತಿತು!
ಎಂಟು ಲೀಟರ್. ಮತ್ತೆ ಕುಸಿಯಿತು.
ಮರುದಿನ ಮೂರು ಹನ್ನೆರಡು. ಎಂಟು ಲೀಟರ್.
ಭಾನುವಾರ ಹಾಗೇ.
ಸೋಮವಾರ ಇಲ್ಲ.
ಮಂಗಳವಾರ ಮತ್ತೆ ಹಾಜರ್.
ಸೋರಿಕೆಗೆ ವಾರದ ರಜೆ ಇರುವುದಿಲ್ಲ.

ಡಬ್ಬಿ ಎಷ್ಟು ಅನ್ನುತ್ತದೆ, ಎಲ್ಲಿ ಅನ್ನುವುದಿಲ್ಲ.
ಅದಕ್ಕೇ ಒಂದು ರಾತ್ರಿ ಅಪ್ಪನ ಸಲಾಕೆ ಹಿಡಿದು
ಒಗೆಯುವ ಕಲ್ಲಿನ ಪಕ್ಕ ಕೂತೆ.
ತುಂಗೆಯ ಕಡೆಯಿಂದ ತಣ್ಣನೆ ಗಾಳಿ.
ಸಲಾಕೆಯೊಳಗೆ, ಕಲ್ಲಿನಡಿ,
ಯಾರೋ ಹಲ್ಲು ಕಚ್ಚಿ ಉಸಿರೆಳೆದಂತೆ ಸಣ್ಣ ಉಸ್ಸ್.
ಅದರ ಮೇಲೆ ಹೆಜ್ಜೆ.

ಐದನೇ ಮನೆಯ ಹೂವಪ್ಪ.
ಬಾಡಿಗೆ ಕೇಳುವಾಗ ಐಸ್ ಫ್ಯಾಕ್ಟರಿ ಕೆಲಸ ಅಂದಿದ್ದನಂತೆ.
ಐಸು ನಿಜ.
ಹುಲಿಕಲ್ ಘಾಟಿ ಹತ್ತಿ ಬಂದ ಲಾರಿಯಿಂದ
ಗಂಗೊಳ್ಳಿಯ ಬಂಗುಡೆ, ಬೂತಾಯಿ
ತಲೆಯ ಮೇಲೆ ಇಳಿಸುವಾಗ ಕತ್ತಿನಗುಂಟ ಸೋರುವ ಐಸು.
ಗೇಟಿನಲ್ಲಿ ಹಾಲಸ್ವಾಮಿಯ ಬೋರ್ಡಿದೆ:
ಮಾಂಸ ಮೀನು ಮಾಡುವವರಿಗೆ ಮನೆ ಇಲ್ಲ.

ಅರ್ಧ ಬಕೆಟ್ಟು. ಮೊದಲು ಉಗುರು, ಆಮೇಲೆ ಮೊಣಕೈ,
ಆಮೇಲೆ ತಲೆ, ಸದ್ದಾಗದ ಹಾಗೆ
ಚೊಂಬನ್ನು ನೆತ್ತಿಗೇ ಒತ್ತಿ ಬಗ್ಗಿಸುತ್ತಿದ್ದ.
ಹಸಿರು ದೀಪ ಕಂಡು ಕೈ ತಡೆದ. ನನ್ನನ್ನೂ ಕಂಡ.

"ಲೆಕ್ಕ ಬರುತ್ತಾ ಇದ್ರಲ್ಲಿ?"
"ಬರುತ್ತೆ."
"ಯಾರು ಅಂತ ಬರುತ್ತಾ?"
"ಇಲ್ಲ. ಎಷ್ಟು ಅಂತ ಅಷ್ಟೇ."
ಬಕೆಟ್ಟಿನ ತಳದಲ್ಲಿ ಉಳಿದದ್ದನ್ನು
ವಾಪಸ್ ಕೊಡಲು ಬರುವಂತಿದ್ದರೆ ಕೊಟ್ಟುಬಿಡುತ್ತಿದ್ದ.

ಬೆಳಿಗ್ಗೆ ಕಲ್ಲು ಎಬ್ಬಿಸಿದೆವು. ಕೀಲಿನಲ್ಲಿ ಸೀಳು.
ಆರು ಮನೆಯವರೂ ಬಗ್ಗಿ ನೋಡಿದರು
ಇಷ್ಟೇ ಇಷ್ಟು ಬಿರುಕನ್ನು, ಒಬ್ಬೊಬ್ಬರಾಗಿ.
ಹಾಲಸ್ವಾಮಿ ಮಾತ್ರ ಫೋನು ನೋಡುತ್ತಿದ್ದರು.
"ಇದೇನಮ್ಮ, ನಡುರಾತ್ರಿ ಗೋಪುರದ ಹಾಗೆ?"

"ಗಾಳಿ" ಅಂದೆ.
ಪೈಪಿಗೆ ಗಾಳಿ ಹೊಕ್ಕರೂ ಚಕ್ರ ತಿರುಗುತ್ತದೆ,
ಯಾವ ಫಿಟ್ಟರನ್ನು ಬೇಕಾದರೂ ಕೇಳಿ.
ಅವರು ಯಾರನ್ನೂ ಕೇಳಲಿಲ್ಲ.
ಮುಖ ಬಿಳಿಚಿಕೊಂಡು, ಕಣ್ಣು ಐದೂ ದಿಕ್ಕಿಗೆ ಹೋಗಿ ಬಂದು,
ಸಂಜೆ ನಲ್ಲಿಯ ಕುತ್ತಿಗೆಗೆ
ಕೆಂಪು ದಾರದಲ್ಲಿ ನಿಂಬೆಹಣ್ಣು ಕಟ್ಟಿದರು.

ಆ ರಾತ್ರಿ ಗೆರೆ ಸೊನ್ನೆಯಲ್ಲಿ ಮಲಗಿತ್ತು, ಹಸುಗೂಸಿನ ಹಾಗೆ.
ಮೂರು ಹತ್ತು ದಾಟಿತು. ಹದಿನೈದು ದಾಟಿತು.
ಇಪ್ಪತ್ತಕ್ಕೆ ಎದ್ದಿತು, ಅಂಜಿ ಅಂಜಿ,
ನಾಲ್ಕೇ ಲೀಟರ್.
ಉಳಿದ ನಾಲ್ಕು ಲೀಟರಿನ ವಾಸನೆಯನ್ನು
ಎಲ್ಲಿಟ್ಟುಕೊಂಡು ಮಲಗಿದನೋ
ಹೆಂಡತಿಯ ಪಕ್ಕ.

ಬೆಳಿಗ್ಗೆ ಅಂಗಡಿ ಬೀಗ ತೆಗೆಯುವಾಗಲೇ ಫೋನು.
ಹಾಲಸ್ವಾಮಿಯ ದನಿಯಲ್ಲಿ ಹೆದರಿಕೆ ಮುಕ್ಕಾಲು, ಹೆಮ್ಮೆ ಕಾಲು:
"ನಿಂಬೆಹಣ್ಣು ಮಾಯ! ದಾರ ಹಾಗೇ ಇದೆ!
ಸಿಪ್ಪೆ ಚರಂಡಿಯಲ್ಲಿ, ಹಿಂಡಿ ಹಿಪ್ಪೆ ಮಾಡಿಬಿಟ್ಟಿದೆ ಕಣಮ್ಮ."

ಉಪ್ಪಿನ ಕೈಗೆ ನಿಂಬೆ ಉರಿದಿರಬೇಕು.

"ತಗೊಂಡಿದೆ ಅಂದ್ರೆ ಒಪ್ಪಿದೆ" ಅಂದೆ,
"ದಿನಾ ಒಂದು ಕಟ್ಟಿ.
ಸೋಮವಾರ ಬೇಡ."