ಅಂಟಿದ ಬಿಲ್ಲೆ

ಸ್ಟೀಲು ಲೋಟದೊಳಗೆ ಫೋನು ನಿಲ್ಲಿಸಿ
ಎಸ್ತರಳ ಆಲ್ಬಮ್ ಕೇಳುತ್ತಿದ್ದೇನೆ.
ಲೋಟದಿಂದ ದನಿ ತುಸು ದೊಡ್ಡದಾಗುತ್ತದೆ,
ತುಸು ತಗಡೂ ಆಗುತ್ತದೆ. ಇರಲಿ.
ರಾಬರ್ಟ್‌ಸನ್‌ಪೇಟೆಯ ಈ ಓಣಿಗೆ
ಹಾರ್ಮೋನಿಯಂ ತಿದಿ, ಬ್ಯಾಂಡಿನವರ ಕ್ಲಾರಿನೆಟ್ಟು,
ಚರ್ಚಿನ ಇಲಿ ಕಡಿದ ಆರ್ಗನ್ನು,
ಉಸಿರು ಸೋರುವುದೆಲ್ಲ ನನ್ನನ್ನು ಹುಡುಕಿಕೊಂಡು ಬರುತ್ತದೆ.

ಅವಳ ಸ್ಯಾಕ್ಸೊಫೋನೂ ಹಾಗೇ ಬಂತು,
ದುಪ್ಪಟಿ ಸುತ್ತಿಕೊಂಡು, ಜ್ವರದ ಮಗುವಿನ ಹಾಗೆ.
ಅಂಗಡಿ ಬಾಗಿಲು ಎಳೆದು ಕತ್ತಲು ಮಾಡಿ
ಅದರ ಬಾಯೊಳಗೆ ಪುಟ್ಟ ಬಲ್ಬು ಇಳಿಬಿಟ್ಟೆ.
"ಶಾಫ್ಟಿಗೆ ದೀಪ ಇಳಿಸಿದ ಹಾಗಿದೆ, ಪಿಳ್ಳಪ್ಪ," ಅಂದಳು.
ಚಾಂಪಿಯನ್ ರೀಫಿನಲ್ಲಿ ಅವಳಪ್ಪ ವೈಂಡಿಂಗ್ ಡ್ರೈವರು,
ಗಂಟೆಯೆಣಿಸಿ ಕೇಜು ಇಳಿಸಿದವನು.
ಬೆಳಕು ಕಂಡಲ್ಲಿ ಸೋರಿಕೆ, ಇಷ್ಟೇ ನನ್ನ ವಿದ್ಯೆ.
ಹನ್ನೊಂದು ಕಡೆ ಕಂಡಿತು.

ಮೇಕೆಮರಿ ಚರ್ಮ, ಅದರಡಿ ಉಣ್ಣೆಯ ಬಿಲ್ಲೆ,
ಬೆನ್ನಿಗೆ ಅರಗು. ಸ್ಪಿರಿಟ್ ದೀಪದ ಮೇಲೆ ಅರಗು ಕರಗುವಾಗ
ಕೇಳಿದೆ: ಯಾಕಮ್ಮ ಮತ್ತೆ ಅವೇ ಹಾಡು?
ದೊರೆಗಳ ಕ್ಲಬ್ಬಿನಲ್ಲಿ ಶನಿವಾರ ಶನಿವಾರ ನುಡಿಸಿದ್ದು,
ಲೋಕವೆಲ್ಲ ನುಡಿಸಿ ನುಡಿಸಿ
ಹಳೇ ನಾಣ್ಯದ ಹಾಗೆ ಮುಖ ಸವೆದದ್ದು?

"ನಮ್ಮ ತಾತ ಅವನ್ನ ಒಳಗೆ ಕೂತು ಕೇಳಿದವನಲ್ಲ.
ಮೋಟಾರು ಕಾಯುತ್ತ, ಕ್ಲಬ್ಬಿನ ಗೋಡೆಗೆ ಬೆನ್ನು ಕೊಟ್ಟು
ಗಾಳಿ ಕೊಟ್ಟಷ್ಟು ಕೇಳಿದ.
ಬಾಗಿಲು ತೆಗೆದಾಗ ಎರಡು ಸಾಲು,
ಮುಚ್ಚಿದಾಗ ಬರೀ ಡ್ರಮ್ಮಿನ ಎದೆಬಡಿತ.
ಮನೆಗೆ ಬಂದು ಮಿಕ್ಕಿದ್ದನ್ನ ತಾನೇ ತುಂಬಿಕೊಂಡು
ಸೊಳ್ಳೆಪರದೆಯೊಳಗೆ ಗುನುಗುತ್ತಿದ್ದ.
ನಾನು ಕಲಿತದ್ದು ಆ ತುಂಬಿದ್ದನ್ನ."

ಈಗ ಗೊತ್ತಾಗುತ್ತಿದೆ.
ಮೊದಲ ಹಾಡು ಶುರುವಾಗುವುದೇ ಗೋಡೆಯ ಆಚೆಯಿಂದ,
ಎರಡು ಸಾಲು ಹೊಳೆದು, ಯಾರೋ ಬಾಗಿಲು ಹಾಕುತ್ತಾರೆ.
ಆಮೇಲೆ ಅವಳು ಹೊರಗೆ ನಿಂತು
ಇರಬಹುದಾಗಿದ್ದ ಹಾಡನ್ನು ನುಡಿಸುತ್ತಾಳೆ.
ಮೂರನೆಯದು ನಡುವೆ ನಿಂತೇಬಿಡುತ್ತದೆ.
ಪಿಯಾನೊದವನು ಒಂದೇ ಮನೆಯನ್ನು ಮೂರು ಸಲ ತಟ್ಟುತ್ತಾನೆ.
ಯಾವುದೋ ಪೇಪರಿನವರು ಅದನ್ನು ಮೌನ ಅಂತ ಹೊಗಳಿದ್ದಾರಂತೆ.
ಎದುರು ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಸವರಿಯಮ್ಮ ಮಾತ್ರ
ದಾರ ಹಲ್ಲಲ್ಲಿ ಕಚ್ಚಿಕೊಂಡೇ ತಲೆಯೆತ್ತಿದಳು.
ಮೂರು ಗಂಟೆಯೆಂದರೆ ಕೇಜಿನಲ್ಲಿರುವುದು ಕಲ್ಲಲ್ಲ,
ಮನುಷ್ಯರು. ಮೆಲ್ಲಗೆ.

ಆರನೆಯ ಹಾಡು ಬಂತು,
ನನ್ನ ಎದೆ ಧಸಕ್ಕೆಂದಿತು.
ಜನ ಸ್ವರ ಕೇಳುತ್ತಾರೆ, ನಾನು
ಸ್ವರ ಮುಚ್ಚುವ ಸದ್ದು ಕೇಳುವವನು.
ಎಡಗೈ ಕಿರುಬೆರಳಿನ ಬಿಲ್ಲೆ ಅಂಟಿಕೊಂಡಿದೆ.
ಸೈನೈಡ್ ದಿಬ್ಬದ ಧೂಳು ಗಾಳಿಗೆ ಬಂದು
ಎಂಜಲಿನ ತೇವಕ್ಕೆ ಕೂತರೆ ಹೀಗೇ:
ಬೆರಳು ಒತ್ತುತ್ತದೆ, ಬಿಲ್ಲೆ ಏಳುವುದಿಲ್ಲ,
ಅರ್ಧ ಮಾತ್ರೆ ತಡವಾಗಿ, ಪಟ್.
ಪಿಯಾನೊ ಆ ಹುಡುಗನದು, ಬಾಸು ಇನ್ನೊಬ್ಬನದು,
ಹೆಸರೆಲ್ಲ ಅಟ್ಟೆಯ ಮೇಲಿವೆ.
ಆ ಪಟ್ ನನ್ನದು.

ಫೋನು ಲೋಟದಿಂದ ಎತ್ತಿ ಅವಳಿಗೇ ಹಚ್ಚಿದೆ.
ತಾಯೀ, ನಾಳೆಯೇ ತಗೊಂಡು ಬಾ, ಕಾಸು ಬೇಡ,
ಹಳೇ ಬಾಕಿ ಇನ್ನೂರೂ ಬೇಡ.
ಅವಳು ನಕ್ಕಳು. "ಮುಟ್ಟಬೇಡ, ಪಿಳ್ಳಪ್ಪ.
ಅದು ಬರೋ ಜಾಗದಲ್ಲಿ ಡ್ರಮ್ಮಿನವನು
ಕಾಯೋದು ಕಲಿತಿದ್ದಾನೆ."
ಇನ್ನೊಮ್ಮೆ ಹಾಕಿ ಕೇಳಿದೆ. ಹೌದು,
ಕಡ್ಡಿ ಎತ್ತಿ ಹಿಡಿದೇ ಇದ್ದಾನೆ ಆ ಹುಡುಗ,
ನನ್ನ ಕೆಟ್ಟ ಕೆಲಸಕ್ಕೆ.

ಸಂಜೆ ಬಂಗಾರಪೇಟೆಯ ಬ್ಯಾಂಡಿನವನು ಬಂದ.
"ಅಂಟುತ್ತೆ ಸಾರ್, ಸ್ವಲ್ಪ ನೋಡಿ."
ಒಂದು ಗಳಿಗೆ ಕೈ ತಡೆಯಿತು.
ಆಮೇಲೆ ಧೂಳು ಒರೆಸಿ, ಅರಗು ಕಾಯಿಸಿ, ಬಿಗಿಯಾಗಿ ಕೂರಿಸಿದೆ.
ಅವನಿಗೆ ಬೆಳಿಗ್ಗೆ ಐದಕ್ಕೇ ಮುಹೂರ್ತ.
ಕಾಯೋದು ಕಲಿತ ಡ್ರಮ್ಮಿನವನು
ಅವನ ಬಳಿ ಇಲ್ಲ.