ಳ

ಕುಷ್ಟಗಿ ತಹಸೀಲಿನ ಬೆರಳಚ್ಚು ಯಂತ್ರಕ್ಕೆ
ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಒಂದು ಹಲ್ಲು ಬಿತ್ತು.
ಳ.
ಞ ಬಿದ್ದಿದ್ದರೆ ಯಾರು ಕೇಳುತ್ತಿದ್ದರು?
ನಮ್ಮದೋ ಬಿಳಿಜೋಳದ ಸೀಮೆ,
ಪಹಣಿಯ ತುಂಬ ಹಳ್ಳ, ಹಳ್ಳಿ, ಬೆಳೆ, ಎಳ್ಳು.
ಟೈಪಿಸ್ಟ್ ನಾನು, ನನ್ನ ಹೆಸರೂ ಕಳಕವ್ವ.

ರಾಯಚೂರಿಗೆ ಬರೆದೆ: ಕೀಲಿ ಮುರಿದಿದೆ, ಹೊಸದು ಕಳಿಸಿರಿ.
ಅವಸರದಲ್ಲಿ ಶಾಯಿ ತುಂಬುವುದು ಮರೆತು
‘ಕ ಸಿರಿ’ ಎಂದೇ ಹೋಯಿತು.
ಕಸಿಯಿರಿ ಎಂದು ಓದಿಕೊಂಡರೋ ಏನೋ,
ಮರುವರ್ಷ ಸ್ಟೆನ್ಸಿಲ್ ಹಾಳೆಯಲ್ಲೂ ಅರ್ಧ ಕಡಿದರು.

ಹಿಂದಿನ ದಫ್ತರದ ಕೋಣೆಯಲ್ಲಿ ಗೌಸ್ ಮೊಹಿದ್ದೀನ್ ಸಾಹೇಬರು,
ನಿಜಾಮರ ಕಾಲದ ಉರ್ದು ಖಾಸ್ರಾ ಓದಬಲ್ಲ ಕಡೆಯ ಮುನ್ಷಿ.
ಯಾರಾದರೂ ಮುತ್ತಜ್ಜನ ಹೊಲ ಹುಡುಕಿ ಬಂದರೆ ಅವರಿಗೆ ಕೆಲಸ;
ಉಳಿದ ದಿನ ನೊಣ, ಕನ್ನಡಕ, ಎಲೆಅಡಿಕೆ.
ಒಂದು ಸಂಜೆ ನನ್ನ ಮೇಜಿಗೆ ಬಂದು
ಬಿದಿರಿನ ಲೆಕ್ಕಣಿಕೆ ಇಟ್ಟರು:
“ಹೆಂಗ ಬರೀತಾರ ತೋರಸವ್ವ ತಂಗಿ.
ನಮ್ಮ ಲಿಪಿಯಾಗ ಇದಕ್ಕ ಮನಿ ಇಲ್ಲ.”

ಕಲಿತರು. ಅದೊಂದನ್ನೇ ಕಲಿತರು.
ನಾನು ಖಾಲಿ ಬಿಟ್ಟು ಕುಟ್ಟುತ್ತ ಹೋಗುವುದು,
ಅವರು ರೂಢಿಯಂತೆ ಬಲದಿಂದ ಎಡಕ್ಕೆ
ಸಾಲು ಹಿಡಿದು ತುಂಬುತ್ತ ಬರುವುದು.
ಎಲ್ಲೋ ಒಂದು ಹಳ್ಳಿಯ ನಡುವೆ ಎದುರಾಗುತ್ತಿದ್ದೆವು.

ಎಂಬತ್ತೈದರಲ್ಲಿ ಅವರು ನಿವೃತ್ತರಾದರು.
ಲೆಕ್ಕಣಿಕೆ ನನಗೆ ಬಂತು. ಕೀಲಿ ಬರಲಿಲ್ಲ.
ರಾಯಚೂರು ಒಡೆದು ಕೊಪ್ಪಳ ಜಿಲ್ಲೆಯಾದಾಗ
ಅದರ ಹೆಸರಿನ ಕಡೆಯ ಅಕ್ಷರವನ್ನೂ ಕೈಯಲ್ಲೇ ಬರೆದೆ.

ಆಮೇಲೆ ಗಾಜಿನ ಬಾಗಿಲು, ಎ.ಸಿ.,
ಚಪ್ಪಲಿ ಹೊರಗೆ ಬಿಡಿ ಎಂಬ ಬೋರ್ಡು.
ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಹುಡುಗ ತಲೆಯೆತ್ತಿ,
“ಮೇಡಂ, ಇವೆಲ್ಲ ಕೈ ತಿದ್ದುಪಡಿ, ಸಹಿ ಇಲ್ಲ, ನಡೆಯೋದಿಲ್ಲ.”
ತಿದ್ದುಪಡಿ ಅಲ್ಲಪ್ಪ, ಅಕ್ಷರ, ಅಂದೆ.
ಅವನು ಸುತ್ತೋಲೆ ತೋರಿಸಿದ.

ಹಾಗಾಗಿ ನೌಕರಿಯ ಕಡೆಯ ನಾಲ್ಕು ತಿಂಗಳು
ಒಂದೊಂದು ಳ ಪಕ್ಕಕ್ಕೂ ಸಹಿ ಹಾಕುತ್ತ ಕೂತೆ.
ಅವರದು ಯಾವುದು, ನನ್ನದು ಯಾವುದು, ಗೊತ್ತಾಗುತ್ತಿತ್ತು:
ಅವರದರ ಬಾಲ ತುಸು ಎಡಕ್ಕೆ ವಾಲಿ
ಹೊರಟ ಕಡೆಗೇ ಮುಖ ಮಾಡಿದ ಹಾಗೆ.
ಪರದೆಯ ಮೇಲೆ ಈಗ ಎಲ್ಲವೂ ಒಂದೇ ಅಳತೆ.
ಕೆಟ್ಟದ್ದೇನಲ್ಲ, ಓದಲು ಸಲೀಸು.

ಅಂಚಿನಲ್ಲಿ ಜಾಗ ಸಾಲದೆ
ನಾನು ಬರೀ ‘ಕ’ ಎಂದು ಬರೆದು
ಳ ಬರುವ ಮೊದಲೇ ನಿಲ್ಲಿಸುತ್ತಿದ್ದೆ.